ಮರದ ಎಲೆ ರೋಗಕ್ಕೆ ಬೇವಿನೆಣ್ಣೆ, ಬೆಳ್ಳುಳ್ಳಿ ರಸ: ಹೇಗೆ ಕಲಸೋದು, ಯಾವಾಗ ಹೊಡೆಯೋದು

ಮೊದಲೇ ಹೇಳ್ಬಿಡ್ತೀನಿ, ಎಲೆ ಮೇಲೆ ಈಗಾಗ್ಲೇ ಬಂದಿರೋ ಕಂದು ಚುಕ್ಕೆ ಯಾವ ಔಷಧಿ ಹೊಡೆದ್ರೂ ಹೋಗಲ್ಲ, ಸತ್ತಿರೋ ಜಾಗ ಮತ್ತೆ ಹಸಿರಾಗಲ್ಲ. ಗಿಡಮೂಲದ ಔಷಧಿಗಳು ಹೆಚ್ಚಾಗಿ ಎಲೆ ಮೇಲ್ಮೈನಲ್ಲಿ ಕೂತ್ಕೊಂಡು ಕೆಲಸ ಮಾಡ್ತಾವೆ, ಒಳಗೆ ಇಳಿದು ಬೇರೂರಿರೋ ಶಿಲೀಂಧ್ರನ (ಫಂಗಸ್) ತೆಗೆಯೋ ತಾಕತ್ತು ಅವಕ್ಕೆ ಕಮ್ಮಿ. ಅದಕ್ಕೇ ಹೊಸ ಚಿಗುರು ಬರೋವಾಗ, ಇಲ್ಲಾ ಮೊದಲ ನಾಲ್ಕು ಚುಕ್ಕೆ ಕಂಡ ತಕ್ಷಣ ಶುರು ಮಾಡ್ಬೇಕು.

ಯಾವ ರೋಗ ಅಂತ ನೋಡ್ಕೊಳ್ಳಿ. ಎಲೆ ಮೇಲೆ ಬಿಳಿ ಪುಡಿ ಉದುರಿಸಿದ ಹಾಗಿದ್ರೆ ಬೂದಿ ರೋಗ, ಇದಕ್ಕೆ ಬೇವಿನೆಣ್ಣೆ ಚೆನ್ನಾಗಿ ಕೆಲಸ ಮಾಡುತ್ತೆ ಯಾಕಂದ್ರೆ ಈ ಶಿಲೀಂಧ್ರ ಎಲೆಯ ಹೊರಗಡೆನೇ ಹರಡಿರುತ್ತೆ. ಎಲೆ ಚುಕ್ಕೆ, ತುಕ್ಕು ರೋಗ ಆದ್ರೆ ಶಿಲೀಂಧ್ರ ಒಳಗೆ ಹೋಗಿರುತ್ತೆ, ಅಲ್ಲಿ ಇನ್ನೂ ಚೆನ್ನಾಗಿರೋ ಎಲೆಗಳನ್ನ ಉಳಿಸ್ಕೊಳ್ಳೋದಷ್ಟೇ ಆಗೋದು. ಕಪ್ಪು ಮಸಿ ಥರ ಇದ್ದು ಬೆರಳಲ್ಲಿ ಉಜ್ಜಿದ್ರೆ ಬಂದ್ಬಿಟ್ರೆ ಅದು ಗಿಡದ ಹೇನು, ಹಿಟ್ಟು ತಿಗಣೆ ಬಿಡೋ ಸಿಹಿ ಅಂಟಿನ ಮೇಲೆ ಬೆಳೆದಿರೋ ಶಿಲೀಂಧ್ರ, ಮೊದಲು ಆ ಕೀಟ ಹೋಗ್ಬೇಕು.

ಬೇವಿನೆಣ್ಣೆ ಕಲಸೋದ್ರಲ್ಲೇ ತುಂಬ ಜನ ಎಡವೋದು. ನೀರಿಗೆ ಸೀದಾ ಎಣ್ಣೆ ಹಾಕ್ಬೇಡಿ. ಲೀಟರ್ ನೀರಿಗೆ 5 ಎಂ.ಎಲ್ ಎಣ್ಣೆ ಲೆಕ್ಕ, ಅದಕ್ಕೆ 1-2 ಎಂ.ಎಲ್ ಮೈಲ್ಡ್ ಲಿಕ್ವಿಡ್ ಸೋಪ್ ಮೊದಲು ಸೇರಿಸಿ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪನೇ ಹಾಕ್ತಾ ಹೋಗಿ, ಹಾಲಿನ ಬಣ್ಣಕ್ಕೆ ತಿರುಗುತ್ತೆ. ಮೇಲೆ ಎಣ್ಣೆ ಉಂಗುರ ತೇಲ್ತಾ ಇದ್ರೆ ಇನ್ನೂ ಕಲೆತಿಲ್ಲ ಅಂತ ಅರ್ಥ, ಹಾಗೇ ಹೊಡೆದ್ರೆ ಕೆಲವು ಎಲೆಗೆ ಬರೀ ನೀರು, ಕೆಲವು ಎಲೆಗೆ ಬರೀ ಎಣ್ಣೆ ಬಿದ್ದು ಸುಟ್ಟು ಹೋಗುತ್ತೆ. ಕಲಸಿದ್ದನ್ನ ಅವತ್ತೇ ಮುಗಿಸಿ, ಮಧ್ಯೆ ಮಧ್ಯೆ ಸ್ಪ್ರೇಯರ್ ಅಲ್ಲಾಡಿಸ್ತಾ ಇರಿ.

ಬೆಳ್ಳುಳ್ಳಿಯಲ್ಲಿ ಶಿಲೀಂಧ್ರ ಕೊಲ್ಲೋದು ಅಲಿಸಿನ್. ಇದು ಇಡೀ ಎಸಳಲ್ಲಿ ಇರಲ್ಲ, ಜಜ್ಜಿದಾಗ ಒಳಗಿನ ಕಿಣ್ವ ಬೆರೆತು ಆಗ ಹುಟ್ಟುತ್ತೆ. ಹಾಗಾಗಿ ಬೆಳ್ಳುಳ್ಳಿನ ಕುದಿಸಿ ಕಷಾಯ ಮಾಡಿ ಹೊಡೀರಿ ಅನ್ನೋ ಸಲಹೆ ನಂಬ್ಬೇಡಿ, ಬಿಸಿಗೆ ಆ ಕಿಣ್ವನೇ ಕೆಡುತ್ತೆ. ಲೀಟರಿಗೆ ಅಂದಾಜು 50 ಗ್ರಾಂ ಹಸಿಯಾಗಿ ಅರೆದು, ಹತ್ತು ನಿಮಿಷ ಬಿಟ್ಟು, ತಣ್ಣೀರಲ್ಲಿ ಕಲಸಿ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ದಿದ್ರೆ ನಾಝಲ್ ಕಟ್ಕೊಳ್ಳುತ್ತೆ. ಅಲಿಸಿನ್ ಬೇಗ ಒಡೆದು ಹೋಗೋದ್ರಿಂದ ಮಾಡಿಟ್ಕೊಂಡು ವಾರಗಟ್ಟಲೆ ಬಳಸೋಕಾಗಲ್ಲ.

ಅಜವಾನದ (ಓಮದ) ಎಣ್ಣೆಯಲ್ಲಿ ಥೈಮಾಲ್, ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇದೆ, ಎರಡೂ ಶಿಲೀಂಧ್ರಕ್ಕೆ ಖಾರನೇ ಆದ್ರೆ ಎಲೆಗೂ ಖಾರ. ಲೀಟರಿಗೆ 1 ಎಂ.ಎಲ್ ದಾಟ್ಬೇಡಿ, ಸೋಪ್ ಇಲ್ಲದೆ ಹಾಕ್ಲೇಬೇಡಿ.

ಯಾವುದೇ ಆಗ್ಲಿ, ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಅಂಚು ಸುಡದಿದ್ರೆ ಪೂರ್ತಿ ಮರಕ್ಕೆ. ಹೊತ್ತು ಇಳಿದ ಮೇಲೆ ಹೊಡೆಯೋದು ಒಳ್ಳೇದು, ಜೇನುಹುಳ ಓಡಾಟ ನಿಂತಿರುತ್ತೆ, ಬಿಸಿಲಿಗೆ ಔಷಧಿ ಕೆಡಲ್ಲ. 30 ಡಿಗ್ರಿ ಮೇಲಿನ ಬಿಸಿಲಲ್ಲಂತೂ ಎಣ್ಣೆ ಬೇಡವೇ ಬೇಡ. ಎಲೆಯ ಕೆಳಭಾಗ ನೆನೆಯೋದು ಮುಖ್ಯ, ನಾಝಲ್ ಕೆಳಗಿಂದ ಮೇಲಕ್ಕೆ ಹಿಡೀರಿ. 7 ರಿಂದ 10 ದಿನಕ್ಕೊಮ್ಮೆ ಮತ್ತೆ ಹೊಡೀಬೇಕು, ಜೋರು ಮಳೆ ಬಂದ್ರೆ ಇನ್ನೂ ಬೇಗ. ಗಂಧಕ ಹೊಡೆದಿದ್ರೆ ಎಣ್ಣೆಗೆ ಎರಡು ವಾರ ಕಾಯಿರಿ, ಎರಡೂ ಸೇರಿದ್ರೆ ಎಲೆ ಸುಡುತ್ತೆ. ಕೆರೆ, ಮೀನಿನ ಕೊಳದ ಕಡೆಗೆ ಹನಿ ಹಾರದ ಹಾಗೆ ನೋಡ್ಕೊಳ್ಳಿ.

ದೊಡ್ಡ ಮರದ ತುದಿವರೆಗೆ ಕೈ ಸ್ಪ್ರೇಯರ್ ಎಟಕಲ್ಲ, ಅರ್ಧಂಬರ್ಧ ಹೊಡೆದು ಪ್ರಯೋಜನ ಕಮ್ಮಿ. ಅಂಥ ಮರಕ್ಕೆ ಉದುರಿದ ರೋಗದ ಎಲೆ ಗುಡಿಸಿ ದೂರ ಹಾಕೋದು, ಒತ್ತಾದ ಒಳಕೊಂಬೆ ಕತ್ತರಿಸಿ ಗಾಳಿ ಆಡೋ ಹಾಗೆ ಮಾಡೋದೇ ಸ್ಪ್ರೇಗಿಂತ ಜಾಸ್ತಿ ಉಪಯೋಗ, ಯಾಕಂದ್ರೆ ಚುಕ್ಕೆ ರೋಗದ ಬೀಜಕಣ ಮೊಳೆಯೋಕೆ ಎಲೆ ಸುಮಾರು ಹೊತ್ತು ಒದ್ದೆಯಾಗಿರ್ಬೇಕು, ಬೇಗ ಒಣಗಿದ್ರೆ ಅದಕ್ಕೆ ಅವಕಾಶ ಸಿಗಲ್ಲ.