ಹಲಸೂರು ಗೇಟ್ ಸೈಟು: ಸಾಯಿಲ್ ಟೆಸ್ಟಿನಲ್ಲೇ ಸಿಕ್ಕ ಕಂದಕ

ಬೆಂಗಳೂರು ಪೇಟೆಯಲ್ಲಿ ಹಳೇ ಮನೆ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವವರಿಗೆ ‘ಕೆಳಗೆ ಪುರಾತತ್ವ ಇರಬಹುದು’ ಅಂದರೆ ಬಾಗಿಲು ಹಾಕಿಬಿಡುತ್ತಾರೆ. ‘ಭರ್ತಿ ಮಣ್ಣಿರಬಹುದು, ಪಾಯ ಕುಸಿಯುತ್ತೆ’ ಅಂದರೆ ಕುರ್ಚಿ ಕೊಟ್ಟು ಕಾಫಿ ತರಿಸುತ್ತಾರೆ. ನಾನು ಎರಡನೆಯದನ್ನೇ ಹೇಳಿ ಒಳಗೆ ಹೋದೆ.

ಸೈಟು ಹಲಸೂರು ಗೇಟ್ ಕಡೆ, ಸುಮಾರು 40-90. ಮಾರ್ಚ್ 7, 1791ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಪಡೆ ಪೇಟೆಗೆ ನುಗ್ಗಿದ್ದು ಈ ಬಾಗಿಲಿನಿಂದ. ಪೇಟೆ ಸುತ್ತ, ಆಮೇಲೆ ಮುಚ್ಚಿಹೋದ ಕಂದಕವಿತ್ತು ಅಂತ ಎಲ್ಲರೂ ಹೇಳುತ್ತಾರೆ, ಯಾರ ಸೈಟಿನ ಕೆಳಗೆ ಅಂತ ಕೇಳಿದರೆ ಉತ್ತರವಿಲ್ಲ. ರಕ್ಷಿತ ಸ್ಮಾರಕದ ಸುತ್ತ ಕಟ್ಟುವುದಕ್ಕೆ ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಹಾಕುವ 100 ಮೀಟರ್, ಆಮೇಲಿನ 200 ಮೀಟರ್ ನಿರ್ಬಂಧದ ತಲೆನೋವು ಇಲ್ಲಿರಲಿಲ್ಲ, ಕೋಟೆ ದೂರ.

ಮಾಲೀಕರು ಹಟ ಹಿಡಿದು ಮೊದಲು ಜಿಪಿಆರ್ (ನೆಲದೊಳಗೆ ನೋಡುವ ರಾಡಾರ್) ತರಿಸಿದರು. ನಲವತ್ತು ಸಾವಿರದ ಆಸುಪಾಸು ಹೋಯಿತು. ಪೈಪು, ಕೇಬಲ್ಲು, ಕೆಡವಿದ ಮನೆಯ ರಬ್ಬಿಶ್ಶು ಸೇರಿ ಸ್ಕ್ರೀನ್ ತುಂಬ ಬರೀ ಗೀಟು.

ಆಮೇಲೆ 1791ರ ಮುತ್ತಿಗೆ ನಕ್ಷೆಯನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರಿನಲ್ಲಿ ಇವತ್ತಿನ ನಕ್ಷೆಯ ಮೇಲೆ ಕೂರಿಸಿದೆ. ದೊಡ್ಡಪೇಟೆ-ಚಿಕ್ಕಪೇಟೆ ಕೂಡುವ ಚೌಕ ಅಲುಗಾಡದ ಬಿಂದು. ಮಿಕ್ಕ ಬಿಂದುಗಳಲ್ಲಿ ಯಾವುದನ್ನು ಇಟ್ಟೆ, ಯಾವುದನ್ನು ಬಿಟ್ಟೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ. ಆದರೂ ಇಪ್ಪತ್ತು ಮೀಟರ್‌ನಷ್ಟು ವ್ಯತ್ಯಾಸ ಉಳಿಯಿತು. ಇಂಜಿನಿಯರ್ ನಕ್ಕರು.

ಸಾಯಿಲ್ ಟೆಸ್ಟ್ ಹೇಗೂ ಮಾಡಿಸಬೇಕಿತ್ತು. ಮೊದಲ ಬೋರನ್ನು ಹುಡುಗರು ನೀರು ಹಾಯಿಸಿ ಕೊರೆದರು, ಬಂದದ್ದು ಕೆಸರು. ಕೈಗೆ ಎರಡು ಸಾವಿರ ಇಟ್ಟು, ಮೇಲಿನ ಐದು ಮೀಟರ್ ಒಣ ಆಗರ್ (ತಿರುಪಿನಂತೆ ಕೊರೆಯುವ ಸಲಾಕೆ) ಹಾಕಿ, ಒಂದೂವರೆ ಮೀಟರಿಗೊಂದು ಸ್ಯಾಂಪಲ್ ಬದಲು ಬಂದ ಮಣ್ಣನ್ನೆಲ್ಲ ವರಸೆಯಾಗಿ ಎತ್ತಿಡಿ ಅಂದೆ. ‘ಮಣ್ಣು ನೋಡಿ ಭವಿಷ್ಯ ಹೇಳ್ತೀರಾ ಸಾರ್?’ ಅಂದ ಒಬ್ಬ.

ಪಶ್ಚಿಮದ ಬೋರಿನಲ್ಲಿ ಒಂದು ಮೀಟರಿಗೇ ಕೆಂಪು ಮೊರಂ, ಅಂದರೆ ಯಾರೂ ಅಗೆಯದ ಗಟ್ಟಿ ನೆಲ, ಎನ್ ವ್ಯಾಲ್ಯೂ (ಮಣ್ಣಿನ ಗಟ್ಟಿತನದ ಅಳತೆ) 25ರ ಮೇಲೆ. ಪೂರ್ವದ್ದರಲ್ಲಿ ನಾಲ್ಕು ಮೀಟರ್‌ವರೆಗೂ ಬೂದಿ ಬೆರೆತ ಕಪ್ಪು ಮಣ್ಣು, ಎನ್ ನಾಲ್ಕೋ ಐದೋ. ಅದನ್ನು ತೊಳೆದು ಹೆಂಚಿನ ಚೂರು ಆರಿಸಿದೆ. ಮೇಲ್ಗಡೆ ಅಂಚಿನಲ್ಲಿ ತೋಡು ಇರುವ ಮಂಗಳೂರು ಹೆಂಚು, ಒಂದೂವರೆ ಮೀಟರ್ ಕೆಳಗೆ ಬರೀ ಬಾಗಿದ ನಾಡಹೆಂಚು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹಾಗಾಗಿ ಕೆಳಗಿನ ಭರ್ತಿ ಅದಕ್ಕಿಂತ ಹಿಂದಿನದಿರಬೇಕು ಅಂದೆ. ಹಿಡಿ ಚೂರಿಗೆ ಇಷ್ಟು ನಂಬಿಕೆಯಾ ಅಂತ ಗೆಳೆಯರು ಕೆಣಕಿದರು. ಅದಕ್ಕೇ ನಡುವೆ ಇನ್ನೊಂದು ಬೋರು. ಅಲ್ಲಿ ಮೊರಂ ಸಿಕ್ಕಿದ್ದು ಎರಡೂವರೆ ಮೀಟರಿಗೆ, ಅಂದರೆ ಕಂದಕದ ಇಳಿಜಾರು. ದಡ ಇಲ್ಲೇ ಅಂತ ಗೀಟೆಳೆದೆ.

ಈ ನಡುವೆ ಪಕ್ಕದ ಮನೆಯ ಬಾವಿ ಹೂಳನ್ನೂ ಜರಡಿ ಹಿಡಿದು ನೋಡಿದೆ. ಗಾಜಿನ ಬಳೆ ಚೂರಿನ ಜೊತೆ ಶಾಂಪೂ ಸ್ಯಾಷೆ ಬಂತು. ವರ್ಷವರ್ಷ ಹೂಳೆತ್ತುವ ಬಾವಿಯಲ್ಲಿ ಪದರ ಎಲ್ಲಿಂದ ಬರಬೇಕು!

ಜೆಸಿಬಿ ಇಳಿದಾಗ ಮೊರಂ ಕಡಿದ ಕಂದಕದ ದಡ ನಾನು ಗೀಟೆಳೆದ ಕಡೆಯಿಂದ ಎರಡಡಿಯೊಳಗೇ ಬಂತು. ಆ ಇಂಜಿನಿಯರೇ ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಪಾಯದ ಡಿಸೈನು ಮೊದಲೇ ಬದಲಾಗಿದ್ದರಿಂದ ಹತ್ತು ಲಕ್ಷದಷ್ಟು ಉಳಿಯಿತು ಅಂತ ಅವರದೇ ಲೆಕ್ಕ. ನನ್ನ ಫೀಸು ಅರವತ್ತು ಸಾವಿರ, ಅದರಲ್ಲೂ ಎರಡನೇ ಕಂತು ಬಾಕಿ. ದಡದ ಸೆಕ್ಷನ್ (ಅಡ್ಡಸೀಳಿನ ನಕ್ಷೆ) ಬಿಡಿಸಿ ಫೋಟೊ ತೆಗೆಯಲು ಅರ್ಧ ದಿನ ಕೆಲಸ ನಿಲ್ಲಿಸಬೇಕು ಅಂತ ಕರಾರಿನಲ್ಲೇ ಬರೆಸಿದ್ದೆ. ಜೆಸಿಬಿ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುವಾಗ ಬಾಯಿಮಾತಿಗೆ ಯಾರೂ ನಿಲ್ಲಿಸುತ್ತಿರಲಿಲ್ಲ.