ನಾಯಿ ರಾತ್ರಿ ಎಲ್ಲಿ ಮಲಗಬೇಕು: ಮಲೆನಾಡಿನ ಮನೆಯ ಲೆಕ್ಕ

ನಮ್ಮ ತೀರ್ಥಹಳ್ಳಿ–ಆಗುಂಬೆ ಕಡೆ ನಾಯಿ ಎಲ್ಲಿ ಮಲಗಬೇಕು ಅಂತ ತೀರ್ಮಾನ ಮಾಡುವವರು ಮೂವರು: ಚಿರತೆ, ಮಳೆ, ಅತ್ತೆ. ನಮ್ಮ ಇಷ್ಟಾನಿಷ್ಟ ಏನಿದ್ದರೂ ಆಮೇಲೆ.

ಹಗಲು ನಾಯಿ ಎಲ್ಲಿ ಬೇಕಾದರೂ ಇರಲಿ. ತೋಟ ಸುತ್ತಲಿ, ಅಂಗಳದಲ್ಲಿ ಬಿಸಿಲು ಕಾಯಿಸಲಿ. ಕತ್ತಲಾದ ಮೇಲೆ ಮಾತ್ರ ನಾಯಿಗೂ ಕಾಡಿಗೂ ನಡುವೆ ಚಿಲಕ ಹಾಕಿದ ಒಂದು ಬಾಗಿಲು ಇರಲೇಬೇಕು. ಆ ಬಾಗಿಲು ನಡುಮನೆಯದ್ದೋ, ಜಗುಲಿಯದ್ದೋ ಅನ್ನುವುದು ಸಣ್ಣ ವಿಷಯ.

ಚಿರತೆಗೆ ನಾಯಿ ಅಂದರೆ ಸುಲಭದ ತುತ್ತು. ಕಂಬಕ್ಕೆ ಕಟ್ಟಿದ ನಾಯಿಯಂತೂ ಇನ್ನೂ ಸುಲಭ, ಅದಕ್ಕೆ ಓಡುವುದಕ್ಕೂ ಆಗುವುದಿಲ್ಲ, ಸಂದಿಗೆ ನುಗ್ಗುವುದಕ್ಕೂ ಆಗುವುದಿಲ್ಲ. "ಮನೆ ಕಾಯಲಿ ಅಂತ ಹೊರಗೆ ಕಟ್ಟಿದ್ವಿ" ಅನ್ನುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಯಿ ಮನೆ ಕಾಯುವುದು ಕಿವಿಯಿಂದ, ಮೂಗಿನಿಂದ. ಜಗುಲಿಯ ಒಳಗೆ ಮಲಗಿದ್ದರೂ ದಣಪೆ (ಅಂಗಳದ ಗೇಟು) ಹತ್ತಿರ ಯಾರಾದರೂ ಬಂದರೆ ನಮಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ. ಅಂಗಳದಲ್ಲಿ ಬೊಗಳಿದ್ದು ನಿಮಗೆ ಕೇಳಿಸದೇ ಹೋಗಬಹುದು, ಜಗುಲಿಯಲ್ಲಿ ಬೊಗಳಿದರೆ ಏಳಲೇಬೇಕು. ಇನ್ನೊಂದು ಮಾತು. ಗಿಡ್ಡ ಸರಪಳಿ, ಭಾರದ ಸರಪಳಿ ಹಾಕಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ತಪ್ಪು.

ಅಡಿಕೆ ಕೊಯ್ಲಿನ ಕಾಲ ಮಾತ್ರ ಬೇರೆ. ಆಗ ಬೇಯಿಸಿದ ಅಡಿಕೆ ಕಾಯಲು ಜನರೇ ಅಂಗಳದಲ್ಲಿ ಮಲಗುತ್ತಾರೆ, ದೀಪ ಉರಿಯುತ್ತಿರುತ್ತದೆ. ಪಕ್ಕದಲ್ಲೇ ಮನುಷ್ಯರಿದ್ದಾರೆ ಅಂದರೆ ನಾಯಿಯೂ ಅವರ ಜೊತೆ ಇರಲಿ. ಅವರು ಎದ್ದು ಒಳಗೆ ಬಂದರೆ ಅದೂ ಬರಬೇಕು.

ಜಗುಲಿಗೆ ಗ್ರಿಲ್ ಹಾಕಿಸುವುದಾದರೆ ಎರಡು ಕೆಲಸ ಮರೆಯಬೇಡಿ. ಕೆಳಗಿನ ಎರಡು ಮೂರು ಅಡಿಗೆ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹೊಡೆಸಿ. ಸರಳಿನ ಸಂದಿಯಲ್ಲಿ ಚಿರತೆಯ ಕೈ ತೂರಬಾರದು. ಮೇಲೆ ಮಾಡಿನವರೆಗೂ ಮುಚ್ಚಿಸಿ. ಮೂರಡಿ ಗೋಡೆ ಕಟ್ಟಿ "ಸೇಫ್" ಅಂತ ಕೂತರೆ ಉಪಯೋಗವಿಲ್ಲ, ಮರ ಹತ್ತುವ ಪ್ರಾಣಿಗೆ ಗೋಡೆ ಯಾವ ಲೆಕ್ಕ?

ಈಗ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ತಿಂಗಳುಗಳಲ್ಲಿ ಗೋಣಿಚೀಲ ಹಾಸಿದರೆ ಅದು ಒಣಗುವುದೇ ಇಲ್ಲ. ಒದ್ದೆ ಗೋಣಿಯ ಮೇಲೆ ಮಲಗಿದ ನಾಯಿಗೆ ಹೊಟ್ಟೆಯಡಿ ಕೆಂಪಾಗುತ್ತದೆ, ಕೂದಲು ಉದುರುತ್ತದೆ, ಆಮೇಲೆ ಡಾಕ್ಟರ್ ಹತ್ತಿರ ಓಡಾಟ. ನಾವು ಅಡಿಕೆ ದಬ್ಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಯಲ್ಲಿ, ಒಂದು ಪುಟ್ಟ ಮಂಚ ಮಾಡಿದ್ದೇವೆ. ದಬ್ಬೆಯನ್ನು ಚೆನ್ನಾಗಿ ಒಣಗಿಸಿ, ಸಿಬಿರು ಹೋಗುವ ಹಾಗೆ ಕತ್ತಿಯಲ್ಲಿ ಹೆರೆದು, ಅದರ ಹೊರಮೈ ಮೇಲಕ್ಕೆ ಬರುವಂತೆ ಜೋಡಿಸಿ ಹೊಡೆಯಬೇಕು. ಎರಡು ದಬ್ಬೆ ನಡುವೆ ಒಂದು ಬೆರಳು ಸಂದಿ. ನಾಯಿಯ ಕಾಲು ಸಿಕ್ಕಿಹಾಕಿಕೊಳ್ಳಬಾರದು, ಗಾಳಿ ಮಾತ್ರ ಆಡಬೇಕು. ನೆಲದಿಂದ ನಾಲ್ಕು ಬೆರಳು ಎತ್ತರ ಸಾಕು. ಮೇಲೆ ಹಳೇ ಹತ್ತಿ ಸೀರೆ ಮಡಿಸಿ ಹಾಸಿ. ಎರಡು ಸೀರೆ ಇಟ್ಟುಕೊಳ್ಳಿ, ಒಂದು ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿರಲಿ.

ಹಂಡೆ ಒಲೆ ಅಂದಾಗ ನೆನಪಾಯಿತು. ಮಳೆಗಾಲದಲ್ಲಿ ನಾಯಿ ಬಚ್ಚಲು ಒಲೆಯ ಬೂದಿ ಹುಡುಕಿಕೊಂಡು ಹೋಗುವುದು ಸಹಜ. ಬೆಚ್ಚಗಿರುತ್ತದೆ ಅಲ್ವಾ? ಆದರೆ ಬೂದಿಯಡಿ ಕೆಂಡ ಇರುತ್ತದೆ. ಕೆಂಡ ಇರುವಾಗ ಬಚ್ಚಲಿನ ಬಾಗಿಲು ಹಾಕಿ ನಾಯಿಯನ್ನು ಒಳಗೆ ಕೂಡಿಹಾಕಿದರೆ ಕೆಂಡದ ವಿಷಗಾಳಿಯಲ್ಲೇ ಜೀವ ಹೋಗಬಹುದು.

ಕೊಟ್ಟಿಗೆ ಬೆಚ್ಚಗೆ, ಜಾಗವೂ ಬೇಕಾದಷ್ಟು. ಆದರೂ ನಾನು ಬೇಡ ಅನ್ನುತ್ತೇನೆ, ಕಾರಣ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮನುಷ್ಯರ ಜೀವಕ್ಕೇ ಅಪಾಯ ತರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವುದು ಉಣುಗು. ದೊಡ್ಡ ಉಣುಗು ದನದ ಮೈಯಲ್ಲಿ ಬೆಳೆಯುತ್ತದೆ. ಕಾಡು ಸುತ್ತಿ ಬಂದ ನಾಯಿಯೂ ಹೊತ್ತು ತರುತ್ತದೆ. ನಾಯಿಗೇ ಉಣುಗಿನಿಂದ ಬೇರೆ ಜ್ವರಗಳೂ ಬರುತ್ತವೆ, ಊಟ ಬಿಟ್ಟು, ಒಸಡು ಬಿಳಚಿಕೊಂಡು ಮಲಗಿಬಿಡುತ್ತದೆ.

ಅದಕ್ಕೇ ಒಳಗೆ ಬಿಡುವ ಮುಂಚೆ ಬಾಗಿಲಲ್ಲೇ ತಪಾಸಣೆ. ದೀಪದ ಕೆಳಗೆ ನಿಲ್ಲಿಸಿ. ಕಿವಿಯನ್ನು ಮಗುಚಿ ಒಳಗಿನ ಮಡಿಕೆ ನೋಡಿ. ಬೆಲ್ಟ್ ಬಿಚ್ಚಿ ಅದರಡಿ ಬೆರಳಾಡಿಸಿ. ನಾಲ್ಕೂ ಪಾದದ ಬೆರಳುಗಳನ್ನು ಬಿಡಿಸಿ ನೋಡಿ, ಬಾಲದ ಬುಡ ಮರೆಯಬೇಡಿ. ಉಣುಗು ಮೊದಲು ಸಣ್ಣ ಹರಳಿನ ಹಾಗೆ ಕೈಗೆ ತಗಲುತ್ತದೆ. ಚಿಮಟದಲ್ಲಿ ಚರ್ಮಕ್ಕೆ ಅಂಟಿಕೊಂಡ ಹಾಗೆ ಹಿಡಿದು ನೇರ ಎಳೆಯಿರಿ, ತಿರುಚಬೇಡಿ. ಸೀಮೆಎಣ್ಣೆ ಹಚ್ಚುವುದು, ಬೀಡಿಯಲ್ಲಿ ಸುಡುವುದು ಬೇಡವೇ ಬೇಡ. ಬರಿಗೈಯಲ್ಲಿ ಜಜ್ಜಬೇಡಿ, ಸಾಬೂನು ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಮಳೆಗಾಲದಲ್ಲಿ ಇಂಬಳವನ್ನೂ (ಜಿಗಣೆ) ಇಲ್ಲೇ ತೆಗೆದುಬಿಡಿ. ಇಲ್ಲದಿದ್ದರೆ ರಕ್ತ ಕುಡಿದು ಉದುರಿದ ಇಂಬಳ, ನೆಲದ ತುಂಬ ಕೆಂಪು ಚುಕ್ಕೆ, ಬೆಳಿಗ್ಗೆ ಅತ್ತೆಯ ಕೈಯಲ್ಲಿ ಮಂಗಳಾರತಿ.

ಅತ್ತೆ ವಿಷಯಕ್ಕೇ ಬರೋಣ. "ನಾಯಿ ಒಳಗೆ ಬಂದರೆ ಮಡಿ ಎಲ್ಲಿ ಉಳೀತದೆ ಮಾರಾಯ್ತಿ?" ಅಂತ ಅವರು ಕೇಳಿದ್ದು ಸುಮ್ನೆ ಹಟಕ್ಕಲ್ಲ. ನೆಲದಲ್ಲೇ ಕೂತು ಊಟ ಮಾಡುವ ಮನೆ, ದೇವರ ಕೋಣೆಗೆ ಹೋಗುವ ದಾರಿ, ಅವರ ಮಾತಲ್ಲೂ ನ್ಯಾಯ ಇದೆ. "ಅತ್ತೆ, ಹಿಂದಿನ ಜಗುಲಿವರೆಗೆ ಮಾತ್ರ. ಹೊಸಿಲು ದಾಟಿಸೋದಿಲ್ಲ" ಅಂತ ನಾನು ಒಪ್ಪಿಕೊಂಡೆ. ಹಿರಿಯರ ಹತ್ತಿರ ಒಳಗೋ ಹೊರಗೋ ಅಂತ ವಾದಕ್ಕೆ ಇಳಿಯಬೇಡಿ, ಯಾವ ಹೊಸಿಲು ಅಂತ ಮಾತಾಡಿ. ಆಮೇಲೆ ಆ ಹೊಸಿಲನ್ನು ನಾಯಿಗೆ ಕಲಿಸಿ. ಅದು ಕಾಲಿಡಲು ಬಂದಾಗ ನೀವೇ ಅಡ್ಡ ನಿಲ್ಲಿ. ಹಿಂದೆ ಸರಿದ ತಕ್ಷಣ ಒಂದು ಚೂರು ರೊಟ್ಟಿ ಕೊಡಿ. ಬಡಿಯಬೇಡಿ, ಬೈಯಬೇಡಿ. ಮಕ್ಕಳು ಕದ್ದು ಒಳಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲೇ ಎಲ್ಲ ಕೆಡುವುದು. ಇವತ್ತು ಸರಿ, ನಾಳೆ ತಪ್ಪು ಅಂದರೆ ನಾಯಿಗೆ ಹೇಗೆ ಅರ್ಥವಾಗಬೇಕು?

ಎರಡು ತಿಂಗಳ ಮರಿಗೆ ಈ ಜಗುಲಿ ಲೆಕ್ಕ ನಡೆಯುವುದಿಲ್ಲ. ತಾಯಿ, ಒಡಹುಟ್ಟು ಬಿಟ್ಟು ಬಂದ ಮರಿ ಮೊದಲ ರಾತ್ರಿಗಳಲ್ಲಿ ಅಳುತ್ತದೆ, ಮೈ ಕಾವು ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕೆ ಕಮ್ಮಿ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಕಿ, ಯಾರಾದರೂ ಮಲಗುವ ಜಾಗದ ಪಕ್ಕದಲ್ಲಿಡಿ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ. ರಾತ್ರಿ ಒಂದೆರಡು ಸಲ ಏಳಲೇಬೇಕು. ಎತ್ತಿಕೊಂಡು ಹೊರಗೆ ಬಿಡಿ, ಉಚ್ಚೆ ಹೊಯ್ದ ಮೇಲೆ ಮಾತಿಲ್ಲದೆ ವಾಪಸ್ ಪೆಟ್ಟಿಗೆಗೆ ಹಾಕಿ. ಆಗ ಆಟ ಆಡಿಸಿದರೆ ನಾಳೆ ಆಟಕ್ಕೇ ಎಬ್ಬಿಸುತ್ತದೆ. ಕೆಲವು ವಾರ ಕಳೆದು ರಾತ್ರಿಯಿಡೀ ನಿದ್ದೆ ಮಾಡತೊಡಗಿದ ಮೇಲೆ ಪೆಟ್ಟಿಗೆಯನ್ನು ದಿನಾ ಒಂದಿಷ್ಟು ಜಗುಲಿ ಕಡೆಗೆ ಸರಿಸುತ್ತಾ ಹೋಗಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ. ನಾಯಿ ಒಳಗೆ ಮಲಗಲಿ, ಹೊರಗೆ ಮಲಗಲಿ, ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ನಾಯಿ ನಮ್ಮದೇ ಮಂಚದ ಮೇಲೆ, ನಮ್ಮ ಹೊದಿಕೆಯೊಳಗೆ? ನನ್ನ ಮಟ್ಟಿಗೆ ಬೇಡ. ಉಣುಗಿನ ಊರಲ್ಲಂತೂ ಬೇಡವೇ ಬೇಡ.

ಜಾತಿ ನಾಯಿ ತರುವವರು ಅದರ ಮೈ ನೋಡಿ ಜಾಗ ಹುಡುಕಬೇಕು. ಮುಧೋಳದ ನಾಯಿ ಬಾಗಲಕೋಟೆಯ ಒಣ ಬಯಲಿನದ್ದು, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬು ಕಮ್ಮಿ. ನಮ್ಮ ಜುಲೈ ಥಂಡಿಯಲ್ಲಿ ಅದಕ್ಕೆ ಕಂಬಳಿ ಬೇಕು. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು, ಬೇಸಿಗೆಯಲ್ಲಿ ಅದು ಹಾಸಿಗೆ ಬಿಟ್ಟು ಸಿಮೆಂಟ್ ನೆಲಕ್ಕೇ ಬೀಳುತ್ತದೆ, ಬೀಳಲಿ ಬಿಡಿ. ಪಗ್‌ಗೆ ಮೂಗೇ ಇಲ್ಲ ಅನ್ನಬೇಕು, ಸೆಕೆಯಲ್ಲಿ ಉಸಿರಿಗೆ ಒದ್ದಾಡುತ್ತದೆ. ಅದಕ್ಕೆ ಫ್ಯಾನಿರುವ ಒಳಕೋಣೆಯೇ ಸರಿ. ಕಂತ್ರಿ ನಾಯಿ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ, ಅದೂ ಮುದಿಯಾದ ಮೇಲೆ ಕೀಲು ನೋವಿಗೆ ದಪ್ಪ ಹಾಸಿಗೆ ಕೇಳುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ "ಬಾಲ್ಕನೀಲಿ ಮಲಗಿಸಲಾ ಅಕ್ಕಾ?" ಅಂತ ಕೇಳಿದ್ದ. ಬಾಲ್ಕನಿ ಬಾಗಿಲು ಹಾಕಿಕೊಂಡರೆ ನಾಯಿಗೆ ನೆರಳೂ ಇಲ್ಲ, ನೀವೂ ಇಲ್ಲ, ಪಕ್ಕದ ಮನೆಯವರಿಗೆ ನಿದ್ದೆಯೂ ಇಲ್ಲ. ಹಾಲ್‌ನ ಮೂಲೆ ಸಾಕು ಅಂದೆ.

ಜಾಗ ಗೊತ್ತು ಮಾಡಿದ ಮೇಲೆ ಕೆಲವು ದಿನ ಬೆಳಿಗ್ಗೆ ಎದ್ದ ತಕ್ಷಣ ಹೋಗಿ ನೋಡಿ. ಮುದುಡಿಕೊಂಡು ಮೂಗನ್ನು ಬಾಲದಡಿ ತೂರಿಸಿದ್ದರೆ ಚಳಿ ಆಗಿದೆ, ಇನ್ನೊಂದು ಬಟ್ಟೆ ಹಾಸಿ. ಕಾಲು ಚಾಚಿ ಬರಿನೆಲದಲ್ಲಿ ಬಿದ್ದಿದ್ದರೆ ಸೆಕೆ. ಮಂಚ ಬಿಟ್ಟು ಹೊಸಿಲಿನ ಬುಡಕ್ಕೇ ಬಂದು ಮಲಗಿದ್ದರೆ ಮಂಚವನ್ನೇ ಅಲ್ಲಿಗೆ ಎಳೆದಿಡಿ.