ರೆಸಿಡೆನ್ಸಿ ಅರ್ಜಿಗೆ ಸಿದ್ಧತೆ: ಅಮೆರಿಕದ ಮ್ಯಾಚ್‌ಗೆ ಹೊರಟ ವೈದ್ಯಕೀಯ ವಿದ್ಯಾರ್ಥಿಗಳಿಗೆ

ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ತರಬೇತಿ ಕಾರ್ಯಕ್ರಮಗಳ ಆದ್ಯತಾ ಪಟ್ಟಿಗಳನ್ನು ಹೊಂದಿಸಿ ಸ್ಥಾನ ಹಂಚುವ ವ್ಯವಸ್ಥೆಯೇ ಮ್ಯಾಚ್. ಅಮೆರಿಕದಲ್ಲಿ ರೆಸಿಡೆನ್ಸಿ, ಎಂದರೆ ವೈದ್ಯಕೀಯ ಪದವಿಯ ನಂತರದ ತಜ್ಞ ತರಬೇತಿ, ಪಡೆಯಬಯಸುವ ವಿದ್ಯಾರ್ಥಿಗಳು ಸೆಪ್ಟೆಂಬರ್‌ನಲ್ಲಿ ಇರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಆ ಅರ್ಜಿಯನ್ನು ತುಂಬಲು ಕೆಲವು ವಾರಗಳು ಸಾಕು. ಆದರೆ ಅದರಲ್ಲಿ ತುಂಬಬೇಕಾದದ್ದನ್ನು ಗಳಿಸಲು ಕನಿಷ್ಠ ಒಂದೂವರೆ ವರ್ಷ ಬೇಕಾಗುತ್ತದೆ. ಆದ್ದರಿಂದ ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕೆಂಬುದು ಪೂರ್ತಿ ಖಚಿತವಾಗುವ ಮೊದಲೇ ಸಿದ್ಧತೆಯನ್ನು ಆರಂಭಿಸುವುದು ಲೇಸು.

ಮೊದಲಿಗೆ ಪರೀಕ್ಷೆಗಳ ವಿಚಾರ. 2022ರ ಜನವರಿ 26ರಿಂದ, ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತ ಸ್ಟೆಪ್ 1ರ ಫಲಿತಾಂಶವನ್ನು ಅಂಕಗಳ ಬದಲು ಪಾಸ್ ಅಥವಾ ಫೇಲ್ ಎಂದಷ್ಟೇ ತಿಳಿಸಲಾಗುತ್ತಿದೆ. ಹೀಗಾಗಿ ಕ್ಲಿನಿಕಲ್ ಜ್ಞಾನವನ್ನು ಅಳೆಯುವ ಸ್ಟೆಪ್ 2 ಸಿಕೆಯ ಅಂಕಗಳ ಮೇಲಿನ ಭಾರ ಹೆಚ್ಚಾಗಿದೆ. ಒಮ್ಮೆ ಪಾಸಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ಮತ್ತೆ ಬರೆಯಲು ಅವಕಾಶವಿಲ್ಲ. ಅಭ್ಯಾಸ ಪರೀಕ್ಷೆಗಳಲ್ಲಿ ನಿರೀಕ್ಷಿತ ಮಟ್ಟ ಮುಟ್ಟುವ ಮುನ್ನ ಕೇವಲ ದಿನಾಂಕಕ್ಕೆ ಕಟ್ಟುಬಿದ್ದು ಪರೀಕ್ಷೆಗೆ ಕೂರಬಾರದು. ಅಮೆರಿಕದ ಹೊರಗೆ ವೈದ್ಯಕೀಯ ಪದವಿ ಪಡೆದವರಿಗೆ, ಅವರ ಅರ್ಹತೆಯನ್ನು ದೃಢಪಡಿಸುವ ಇಸಿಎಫ್‌ಎಂಜಿ ಪ್ರಮಾಣಪತ್ರವೂ ಬೇಕು. ಕ್ಲಿನಿಕಲ್ ಕೌಶಲವನ್ನು ಅಳೆಯುತ್ತಿದ್ದ ಸ್ಟೆಪ್ 2 ಸಿಎಸ್ ಪರೀಕ್ಷೆ 2021ರಲ್ಲಿ ರದ್ದಾದ ಮೇಲೆ ಅದರ ಸ್ಥಾನಕ್ಕೆ ಪಾತ್‌ವೇಸ್ ಎಂಬ ವ್ಯವಸ್ಥೆಯೂ ಇಂಗ್ಲಿಷ್ ಸಂವಹನಕ್ಕಾಗಿ ಓಇಟಿ ಮೆಡಿಸಿನ್ ಪರೀಕ್ಷೆಯೂ ಬಂದಿವೆ. ಇವುಗಳಿಗೆ ಬೇಕಾದ ಕಾಗದಪತ್ರಗಳು ಕಾಲೇಜಿನ ಕಚೇರಿಯಿಂದ ಬರಬೇಕಾದ್ದರಿಂದ ಆ ಕೆಲಸವನ್ನು ಕೊನೆಯ ತಿಂಗಳಿಗೆ ಬಿಡಬೇಡಿ.

ಶಿಫಾರಸು ಪತ್ರಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ ನಾಲ್ಕು ಪತ್ರಗಳನ್ನು ಕಳುಹಿಸಬಹುದು. ವಿಭಾಗದ ಮುಖ್ಯಸ್ಥರ ದೊಡ್ಡ ಹೆಸರಿನ ಕೆಳಗೆ ನಾಲ್ಕು ಸಾಧಾರಣ ವಾಕ್ಯಗಳಿರುವ ಪತ್ರಕ್ಕಿಂತ, ನಿಮ್ಮ ಜೊತೆ ಪ್ರತಿದಿನ ರೌಂಡ್ಸ್ ಮಾಡಿದ ಅಧ್ಯಾಪಕರು ಕಣ್ಣಾರೆ ಕಂಡದ್ದನ್ನು ಬರೆದ ಪತ್ರಕ್ಕೇ ತೂಕ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಕೆಲಸ ಅವರ ನೆನಪಿನಲ್ಲಿ ಹಸಿಯಾಗಿರುವಾಗಲೇ, ಎಂದರೆ ಪೋಸ್ಟಿಂಗ್ ಮುಗಿಯುವ ವಾರದಲ್ಲೇ, ಕೇಳಿ. ಕೇಳುವಾಗ "ನನ್ನ ಬಗ್ಗೆ ಬಲವಾದ ಪತ್ರ ಬರೆಯಲು ನಿಮಗೆ ಸಾಧ್ಯವಾದೀತೇ?" ಎಂದು ಕೇಳಿದರೆ, ಇಷ್ಟವಿಲ್ಲದವರು ಮುಜುಗರವಿಲ್ಲದೆ ನಿರಾಕರಿಸಬಹುದು, ಆ ನಿರಾಕರಣೆಯಿಂದ ನಿಮಗೂ ಉಪಕಾರವೇ. ಒಪ್ಪಿದವರಿಗೆ ನಿಮ್ಮ ಸಿವಿ, ಪರ್ಸನಲ್ ಸ್ಟೇಟ್‌ಮೆಂಟಿನ (ಅರ್ಜಿಯಲ್ಲಿ ನಿಮ್ಮ ಬಗ್ಗೆ ನೀವೇ ಬರೆಯುವ ಹೇಳಿಕೆಯ) ಕರಡು, ಮತ್ತು ನೀವಿಬ್ಬರೂ ಸೇರಿ ನೋಡಿಕೊಂಡ ಎರಡು ಮೂರು ರೋಗಿಗಳ ಬಗ್ಗೆ, ಗುರುತು ಬಿಟ್ಟುಕೊಡದಂತೆ ಬರೆದ ಚಿಕ್ಕ ಟಿಪ್ಪಣಿಯನ್ನು ಕೊಡಿ. ಪತ್ರವನ್ನು ಓದುವ ಹಕ್ಕನ್ನು ಬಿಟ್ಟುಕೊಡುವ ಆಯ್ಕೆ ಇರಾಸ್‌ನಲ್ಲಿದೆ, ಅದನ್ನೇ ಆರಿಸಿ; ಅಭ್ಯರ್ಥಿ ಓದಲಾರದ ಪತ್ರವನ್ನು ಓದುಗರು ಹೆಚ್ಚು ನಂಬುತ್ತಾರೆ.

ಅನುಭವಗಳ ಭಾಗದಲ್ಲಿ ಹತ್ತು ನಮೂದುಗಳಿಗೆ ಮಾತ್ರ ಜಾಗವಿದ್ದು, ಅವುಗಳಲ್ಲಿ ಅತ್ಯಂತ ಅರ್ಥಪೂರ್ಣವಾದ ಮೂರನ್ನು ಗುರುತಿಸಬಹುದು. "ಆರೋಗ್ಯ ತಪಾಸಣಾ ಶಿಬಿರದಲ್ಲಿ ಸ್ವಯಂಸೇವಕಿಯಾಗಿ ಭಾಗವಹಿಸಿದ್ದೇನೆ" ಎಂಬ ವಾಕ್ಯದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. "ಶಿಬಿರದಲ್ಲಿ ರಕ್ತದೊತ್ತಡ ಹೆಚ್ಚಿದ್ದವರ ಪಟ್ಟಿ ಮಾಡಿ, ಮರುವಾರ ಅವರಿಗೆ ಫೋನ್ ಮಾಡಿ, ವೈದ್ಯರನ್ನು ಕಾಣದವರು ಏಕೆ ಕಾಣಲಿಲ್ಲವೆಂದು ಕೇಳಿ ಬರೆದುಕೊಂಡೆ" ಎಂದರೆ ನಿಮ್ಮ ಕೆಲಸದ ರೀತಿ ಕಣ್ಣಿಗೆ ಕಟ್ಟುತ್ತದೆ. ಇಂಥ ವಿವರಗಳು ವರ್ಷದ ನಂತರ ನೆನಪಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಆಗಿಂದಾಗ್ಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಪರ್ಸನಲ್ ಸ್ಟೇಟ್‌ಮೆಂಟ್ ಒಂದು ಪುಟ ಮೀರದಿರಲಿ. ಈ ವಿಭಾಗವೇ ಏಕೆ, ಇಲ್ಲಿಯವರೆಗೆ ಅದಕ್ಕಾಗಿ ಏನು ಮಾಡಿದ್ದೀರಿ, ತರಬೇತಿಯಿಂದ ಏನನ್ನು ಬಯಸುತ್ತೀರಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಓದಿನಲ್ಲಿ ಬಿಡುವು ಬಿದ್ದಿದ್ದರೆ ಅಥವಾ ಪರೀಕ್ಷೆಯಲ್ಲಿ ಫೇಲಾಗಿದ್ದರೆ ಅದನ್ನು ಮುಚ್ಚಿಡದೆ, ಸಮರ್ಥನೆಗೂ ಇಳಿಯದೆ, ಎರಡು ಮೂರು ವಾಕ್ಯಗಳಲ್ಲಿ ಹೇಳಿ.

ಇರಾಸ್‌ನಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಮ್ಯಾಚ್‌ಗೆ ಸೇರಿದಂತಾಗುವುದಿಲ್ಲ. ಮ್ಯಾಚ್ ನಡೆಸುವ ಸಂಸ್ಥೆಯಾದ ಎನ್‌ಆರ್‌ಎಂಪಿಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗವು 2024ರ ಅರ್ಜಿ ಋತುವಿನಿಂದ ರೆಸಿಡೆನ್ಸಿಕ್ಯಾಸ್ ಎಂಬ ಬೇರೆ ವ್ಯವಸ್ಥೆಗೆ ಹೋಗಿದೆ. ಅನೇಕ ವಿಭಾಗಗಳಲ್ಲಿ ಸೀಮಿತ ಸಂಖ್ಯೆಯ ಸಿಗ್ನಲ್‌ಗಳ ಮೂಲಕ ವಿಶೇಷ ಆಸಕ್ತಿಯನ್ನು ತಿಳಿಸಬಹುದು. ಅವನ್ನೆಲ್ಲ ಕೈಗೆಟುಕದ ಕಾರ್ಯಕ್ರಮಗಳ ಮೇಲೆ ಖರ್ಚು ಮಾಡಬೇಡಿ.

ಸಂದರ್ಶನಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅರ್ಜಿಯಲ್ಲಿ ಬರೆದ ಪ್ರತಿಯೊಂದು ಸಾಲಿನ ಬಗ್ಗೆಯೂ ಎರಡು ನಿಮಿಷ ಮಾತನಾಡಲು ಬಂದರೆ ಅರ್ಧ ಸಿದ್ಧತೆ ಮುಗಿದಂತೆ. ನೀವು ಬೇರೆಲ್ಲಿ ಅರ್ಜಿ ಹಾಕಿದ್ದೀರಿ, ತಮ್ಮನ್ನು ಎಷ್ಟನೆಯ ಸ್ಥಾನದಲ್ಲಿ ಇಡುತ್ತೀರಿ ಎಂದು ಕಾರ್ಯಕ್ರಮದವರು ಕೇಳುವುದು ಎನ್‌ಆರ್‌ಎಂಪಿ ನಿಯಮಗಳಿಗೆ ವಿರುದ್ಧ. ಕೇಳಿದರೆ ವಿನಯದಿಂದಲೇ ಮಾತನ್ನು ಆ ಕಾರ್ಯಕ್ರಮದಲ್ಲಿ ನಿಮಗೆ ಹಿಡಿಸಿದ ಸಂಗತಿಯ ಕಡೆಗೆ ತಿರುಗಿಸಿ.

ಆದ್ಯತಾ ಪಟ್ಟಿ ಮಾಡುವಾಗ ಲೆಕ್ಕಾಚಾರಕ್ಕಿಂತ ಪ್ರಾಮಾಣಿಕತೆಯೇ ಲಾಭದಾಯಕ. ಮ್ಯಾಚ್‌ನ ಗಣನಾ ಕ್ರಮ ಅಭ್ಯರ್ಥಿಯ ಆಯ್ಕೆಗಳಿಂದ ಆರಂಭವಾಗುತ್ತದೆ. ಬಹಳ ಕಷ್ಟದ ಕಾರ್ಯಕ್ರಮವನ್ನು ಮೊದಲು ಬರೆದು, ನಿಮ್ಮನ್ನು ಮೆಚ್ಚಿದಂತೆ ಕಂಡ ಕಾರ್ಯಕ್ರಮವನ್ನು ಎರಡನೆಯದಾಗಿ ಬರೆದಿರಿ ಎನ್ನೋಣ. ಮೊದಲನೆಯದು ಸಿಗದಿದ್ದರೂ ಎರಡನೆಯದರಲ್ಲಿ ನಿಮಗಿದ್ದ ಅವಕಾಶ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆದರೆ ಫಲಿತಾಂಶಕ್ಕೆ ನೀವು ಕಡ್ಡಾಯವಾಗಿ ಬದ್ಧರಾಗಿರಬೇಕಾದ್ದರಿಂದ, ಹೋಗಲು ಮನಸ್ಸೇ ಇಲ್ಲದ ಕಾರ್ಯಕ್ರಮವನ್ನು ಪಟ್ಟಿಯಲ್ಲಿ ಸೇರಿಸಲೇಬಾರದು.

ಮಾರ್ಚ್‌ನ ಮ್ಯಾಚ್ ವಾರದ ಸೋಮವಾರ ಸ್ಥಾನ ಸಿಕ್ಕಿತೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ. ಎಲ್ಲಿ ಎಂಬುದು ಶುಕ್ರವಾರ ತಿಳಿಯುತ್ತದೆ. ಸಿಗದವರು ಖಾಲಿ ಉಳಿದ ಸ್ಥಾನಗಳನ್ನು ತುಂಬಲು ಅದೇ ವಾರ ನಡೆಯುವ ಸೋಪ್ ಪ್ರಕ್ರಿಯೆಯಲ್ಲಿ ಗರಿಷ್ಠ 45 ಕಾರ್ಯಕ್ರಮಗಳಿಗೆ ಅರ್ಜಿ ಹಾಕಬಹುದು. ಆಗ ಸಮಯ ಗಂಟೆಗಳ ಲೆಕ್ಕದಲ್ಲಿರುತ್ತದೆ. ಆದ್ದರಿಂದ ಮತ್ತೊಂದು ವಿಭಾಗಕ್ಕೆ ಹೊಂದುವ ಪರ್ಸನಲ್ ಸ್ಟೇಟ್‌ಮೆಂಟನ್ನು ಫೆಬ್ರವರಿಯಲ್ಲೇ ಬರೆದಿಟ್ಟು, ಆ ವಾರ ಫೋನಿಗೆ ಸಿಗುವಂತೆ ನಿಮ್ಮ ಮಾರ್ಗದರ್ಶಕರನ್ನು ಮುಂಚಿತವಾಗಿಯೇ ಕೇಳಿಕೊಂಡಿರಿ.